ಮಗ್ಗುಲು ಬದಲಿಸುವಾಗಿನ ನೋವು: ಗರ್ಭಿಣಿ ಮತ್ತು ಬಾಣಂತಿಯರ ಶ್ರೋಣಿನೋವಿನ ಕುರಿತು

(ಗರ್ಭಿಣಿಯರು, ಬಾಣಂತಿಯರು ಮತ್ತು ಅವರ ಮನೆಯವರ ಮುಂದೆ ಫಿಸಿಯೋಥೆರಪಿಸ್ಟ್ ಒಬ್ಬರು ನೀಡಿದ ಉಪನ್ಯಾಸದ ಬರಹ ರೂಪ. ಸಭಿಕರ ಕೆಲವು ಪ್ರಶ್ನೆಗಳನ್ನೂ ಉತ್ತರಗಳನ್ನೂ ಕೊನೆಯಲ್ಲಿ ಸೇರಿಸಲಾಗಿದೆ.)

ಎಲ್ಲರಿಗೂ ನಮಸ್ಕಾರ.

ನನ್ನ ಬಳಿ ಬರುವ ಗರ್ಭಿಣಿಯರನ್ನು ನೋವು ಎಷ್ಟಿದೆ ಎಂದು ಕೇಳುವ ಮೊದಲು ನಾನು ಬೇರೆಯೇ ಒಂದು ಪ್ರಶ್ನೆ ಕೇಳುತ್ತೇನೆ: "ರಾತ್ರಿ ಮಗ್ಗುಲು ಬದಲಿಸುವಾಗ ಏನಾಗುತ್ತದೆ?" ಅಲ್ಲಿಯವರೆಗೆ "ಸ್ವಲ್ಪ ಸೊಂಟ ನೋವು, ಅಷ್ಟೇ" ಎನ್ನುತ್ತಿದ್ದವರು ಆಗ ಬಾಯಿ ಬಿಡುತ್ತಾರೆ. ಎಡಕ್ಕೆ ಮಲಗಿದವರು ಬಲಕ್ಕೆ ಹೊರಳಬೇಕೆಂದರೆ ಮೊದಲು ಪೂರ್ತಿ ಎಚ್ಚರವಾಗಬೇಕು, ಉಸಿರು ಬಿಗಿ ಹಿಡಿಯಬೇಕು, ಮಂಚದ ಅಂಚು ಹಿಡಿದು ಇಂಚಿಂಚಾಗಿ ಮೈ ತಿರುಗಿಸಬೇಕು. ಅರ್ಧ ತಿರುಗುವಷ್ಟರಲ್ಲಿ ತೊಡೆಸಂದಿಯಲ್ಲೋ ಪೃಷ್ಠದ ಆಳದಲ್ಲೋ ಚಳುಕು ಹೊಡೆಯುತ್ತದೆ, ಅಲ್ಲೇ ನಿಂತುಬಿಡುತ್ತಾರೆ. ರಾತ್ರಿಗೆ ಹಲವು ಸಲ ಹೀಗೆ. ಮೂತ್ರಕ್ಕೆ ಎದ್ದು ಹೋಗುವ ಕಷ್ಟ ಬೇರೆ. ಬೆಳಗಾಗುವ ಹೊತ್ತಿಗೆ ನಿದ್ದೆಯೂ ಆಗಿರುವುದಿಲ್ಲ, ನೋವೂ ಇಳಿದಿರುವುದಿಲ್ಲ.

ಇದನ್ನು ಯಾರಿಗಾದರೂ ಹೇಳಿದ್ದೀರಾ ಎಂದರೆ ಹೆಚ್ಚಿನವರ ಉತ್ತರ ಒಂದೇ: ಹೇಳಿದೆ, ಬಸುರಿನಲ್ಲಿ ಇದೆಲ್ಲ ಇದ್ದದ್ದೇ ಎಂದರು, ಹೆರಿಗೆಯಾದರೆ ತಾನಾಗಿ ಹೋಗುತ್ತದೆ ಎಂದರು. ಇಂದು ನಾನು ಮುಖ್ಯವಾಗಿ ಈ ಮಾತಿಗೆ ಉತ್ತರ ಕೊಡಲು ಬಂದಿದ್ದೇನೆ. ಗರ್ಭಿಣಿಯರಲ್ಲಿ ಸುಮಾರು ಐವರಿಗೆ ಒಬ್ಬರಂತೆ ಈ ನೋವು ಕಾಡುತ್ತದೆ. 2008ರಲ್ಲಿ ಯುರೋಪಿನ ತಜ್ಞರು ಪ್ರಕಟಿಸಿದ ಮಾರ್ಗಸೂಚಿಯ ಅಂದಾಜೂ ಇದೇ. ಅಷ್ಟು ಮಂದಿಗೆ ಬರುವ ನೋವೆಂದರೆ ಅದನ್ನು ಗುರುತಿಸುವುದೂ ಉಪಚರಿಸುವುದೂ ಪ್ರತಿ ಪ್ರಸವಪೂರ್ವ ತಪಾಸಣೆಯ ಭಾಗವಾಗಿರಬೇಕಿತ್ತು. ಬೇಗ ಹಿಡಿದರೆ ಇದು ಬಹುಪಾಲು ಹತೋಟಿಗೆ ಬರುತ್ತದೆ. ತಿಂಗಳುಗಟ್ಟಲೆ ಸಹಿಸಿಕೊಂಡು ನಡೆಯಲಾಗದ ಸ್ಥಿತಿಗೆ ಬಂದ ಮೇಲೆ ಹಿಡಿದರೆ ಅದೇ ಕೆಲಸ ದುಪ್ಪಟ್ಟು ಕಷ್ಟವಾಗುತ್ತದೆ.

ಮೊದಲು ಶರೀರದ ರಚನೆಯನ್ನು ಸ್ವಲ್ಪ ನೋಡೋಣ. ಶ್ರೋಣಿ ಎಂದರೆ ಮೂಳೆಗಳ ಒಂದು ಬಳೆ. ಎಡಬಲದಲ್ಲಿ ಎರಡು ದೊಡ್ಡ ಮೂಳೆಗಳು, ಹಿಂದೆ ನಡುವೆ ಬೆನ್ನುಮೂಳೆಯ ಬುಡದ ತ್ರಿಕೋನಾಕಾರದ ಮೂಳೆ, ಅಂದರೆ ತ್ರಿಕಾಸ್ಥಿ. ಹಿಂಭಾಗದಲ್ಲಿ ತ್ರಿಕಾಸ್ಥಿಯ ಎರಡೂ ಪಕ್ಕದಲ್ಲಿ ಒಂದೊಂದು ಕೀಲು, ಮುಂಭಾಗದಲ್ಲಿ ಗುಪ್ತಾಂಗದ ಮೇಲಿನ ಮೂಳೆಯ ನಡುವೆ ಮತ್ತೊಂದು ಕೀಲು. ಮೂರೂ ಬಿಗಿಯಾದವು, ಕೂದಲೆಳೆಯಷ್ಟು ಮಾತ್ರ ಅಲುಗಾಡುವಂಥವು. ಮೇಲಿನ ಮೈಭಾರವೆಲ್ಲ ಈ ಬಳೆಯ ಮೂಲಕವೇ ಕಾಲಿಗೆ ಇಳಿಯುತ್ತದೆ. ನಾವು ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ಒಂದು ಕ್ಷಣ ಒಂಟಿ ಕಾಲಿನ ಮೇಲಿರುತ್ತೇವೆ. ಆಗ ಬಳೆಯ ಒಂದು ಪಕ್ಕಕ್ಕೆ ಭಾರ ಬಿದ್ದು ಇನ್ನೊಂದು ಪಕ್ಕ ಹಗುರವಾಗುತ್ತದೆ. ಈ ಏರುಪೇರನ್ನು ತಾಳಿಕೊಳ್ಳುವುದು ಮೂಳೆಗೂ ಮೂಳೆಗೂ ಬೆಸೆದಿರುವ ಗಟ್ಟಿ ಪಟ್ಟಿಗಳಾದ ಲಿಗಮೆಂಟುಗಳ, ಸ್ನಾಯುಗಳ ಕೆಲಸ.

ಬಸುರಿನಲ್ಲಿ ಈ ಲಿಗಮೆಂಟುಗಳು ಸಡಿಲಗೊಳ್ಳುತ್ತವೆ. ಮುಂಭಾಗದ ಕೀಲಿನ ಸಂದು ಸಾಮಾನ್ಯವಾಗಿ 4ರಿಂದ 5 ಮಿಲಿಮೀಟರ್ ಇರುತ್ತದೆ. ಗರ್ಭಿಣಿಯರಲ್ಲಿ ಅದು ಇನ್ನೂ 2–3 ಮಿಲಿಮೀಟರ್ ಅಗಲವಾಗುವುದು ಸಹಜ. ಇದಕ್ಕೆಲ್ಲ ರಿಲ್ಯಾಕ್ಸಿನ್ ಎಂಬ ಹಾರ್ಮೋನೇ ಕಾರಣ ಎಂದು ನೀವು ಓದಿರಬಹುದು. 1926ರಲ್ಲಿ ಫ್ರೆಡ್ರಿಕ್ ಹಿಸಾ ಎಂಬ ವಿಜ್ಞಾನಿ ಗಿನಿಯಿಲಿಗಳ ಮೇಲೆ ಪ್ರಯೋಗ ಮಾಡುತ್ತಾ ಇದರ ಪರಿಣಾಮವನ್ನು ಮೊದಲು ಗುರುತಿಸಿದರು. ಆದರೆ ಕತೆ ಅಷ್ಟು ಸರಳವಲ್ಲ. ರಕ್ತದಲ್ಲಿ ರಿಲ್ಯಾಕ್ಸಿನ್ ಮೊದಲ ಮೂರು ತಿಂಗಳ ಹೊತ್ತಿಗೆ ಗರಿಷ್ಠ ಮಟ್ಟ ತಲುಪಿ ಆಮೇಲೆ ಇಳಿಯುತ್ತದೆ; ನೋವು ಹೆಚ್ಚಿನವರಲ್ಲಿ ಶುರುವಾಗುವುದೇ ಅದರ ನಂತರ. ಸಂದು ಎಷ್ಟು ಅಗಲವಾಗಿದೆ ಎಂಬುದಕ್ಕೂ ನೋವು ಎಷ್ಟಿದೆ ಎಂಬುದಕ್ಕೂ ನೇರ ಲೆಕ್ಕ ಕೂಡುವುದಿಲ್ಲ. ಹೀಗಾಗಿ "ನಿಮ್ಮ ಮೂಳೆ ಬಿಟ್ಟುಕೊಂಡಿದೆ" ಎಂಬ ಮಾತನ್ನು ದಯವಿಟ್ಟು ಯಾರಿಗೂ ಹಗುರವಾಗಿ ಹೇಳಬೇಡಿ. ಅದನ್ನು ಕೇಳಿದ ಹೆಣ್ಣುಮಗಳು ಮುಂದೆ ಪ್ರತಿ ಹೆಜ್ಜೆಗೂ ಹೆದರುತ್ತಾಳೆ, ಹೆದರಿಕೆಗೆ ಸ್ನಾಯುಗಳು ಬಿಗಿದು ನೋವು ಇನ್ನಷ್ಟು ಹೆಚ್ಚುತ್ತದೆ. ಮುಂಭಾಗದ ಕೀಲು ನಿಜವಾಗಿ ಬೇರ್ಪಡುವುದು ಅಪರೂಪ. ಸಂದು 10 ಮಿಲಿಮೀಟರಿಗಿಂತ ಹೆಚ್ಚಾದಾಗ ವೈದ್ಯರು ಆ ದಿಕ್ಕಿನಲ್ಲಿ ಯೋಚಿಸುತ್ತಾರೆ.

ಹಾಗಾದರೆ ನೋವೇಕೆ? ನನ್ನ ತಪಾಸಣೆಯ ಕೋಣೆಯಲ್ಲಿ ನಡೆಯುವುದನ್ನೇ ಹೇಳುತ್ತೇನೆ. ಅಂಗಾತ ಮಲಗಿ, ಕಾಲು ಚಾಚಿ, ಮಂಡಿ ಮಡಚದೆ ಒಂದು ಕಾಲನ್ನು ಸುಮಾರು 20 ಸೆಂಟಿಮೀಟರ್ ಎತ್ತಲು ಹೇಳುತ್ತೇನೆ. ಕೆಲವರಿಗೆ ಕಾಲು ಮೇಲೇಳುವುದೇ ಇಲ್ಲ. ಬಲವೆಲ್ಲ ಹಾಕುತ್ತಾರೆ, ಹೊಟ್ಟೆ ಉಬ್ಬುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ, ಹಿಮ್ಮಡಿ ಮಾತ್ರ ಹಾಸಿಗೆ ಬಿಡುವುದಿಲ್ಲ. ಈಗ ನಾನು ಸೊಂಟದ ಎರಡೂ ಪಕ್ಕಕ್ಕೆ ಅಂಗೈಯಿಟ್ಟು ಮೂಳೆಗಳನ್ನು ಒಳಕ್ಕೆ ಒತ್ತಿ ಹಿಡಿದು, ಮತ್ತೆ ಎತ್ತಿ ಎನ್ನುತ್ತೇನೆ. ಅದೇ ಕಾಲು ಏಳುತ್ತದೆ. ಎಷ್ಟೋ ಮಂದಿ ಆ ಕ್ಷಣದಲ್ಲಿ ಅತ್ತುಬಿಟ್ಟಿದ್ದಾರೆ. ಕಾಲಿನ ಶಕ್ತಿ ಎಲ್ಲಿಗೂ ಹೋಗಿಲ್ಲ, ಕೀಲುಗಳಿಗೆ ಬೇಕಾದ ಬಿಗಿತ ಸಿಗುತ್ತಿಲ್ಲ ಎಂಬುದು ಅವರಿಗೆ ಕಣ್ಣೆದುರೇ ಕಾಣುತ್ತದೆ. ನಾನು ಅಂಗೈಯಿಂದ ಕೊಟ್ಟ ಆ ಆಸರೆಯನ್ನು ತಾತ್ಕಾಲಿಕವಾಗಿ ಸೊಂಟದ ಸುತ್ತ ಬಿಗಿಯುವ ಬೆಲ್ಟ್ ಕೊಡಬಲ್ಲದು, ದೀರ್ಘಕಾಲಕ್ಕೆ ಅವರದೇ ಸ್ನಾಯುಗಳು ಕೊಡಬಲ್ಲವು. ಚಿಕಿತ್ಸೆಯ ತಿರುಳು ಇಷ್ಟೇ.

ಈ ನೋವಿನ ಇನ್ನೊಂದು ಸ್ವಭಾವವನ್ನು ತಿಳಿದಿರಬೇಕು: ಅದು ತಡವಾಗಿ ಬರುತ್ತದೆ. ಮಧ್ಯಾಹ್ನ ಮನೆ ಒರೆಸಿದಾಗ ಏನೂ ಅನ್ನಿಸುವುದಿಲ್ಲ, ರಾತ್ರಿ ಹಾಸಿಗೆಯಲ್ಲಿ ಅದರ ಫಲ ಗೊತ್ತಾಗುತ್ತದೆ. ಹಗಲು ಓಡಾಡಿದ್ದನ್ನು ಕಂಡ ಮನೆಯವರಿಗೆ ರಾತ್ರಿಯ ನರಳಾಟ ನಾಟಕದಂತೆ ತೋರುವುದು ಇದರಿಂದಲೇ. ಇಲ್ಲಿ ಬಂದಿರುವ ಗಂಡಂದಿರು, ಅತ್ತೆಯಂದಿರು, ತಾಯಂದಿರು ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೂ ನನ್ನ ಶ್ರಮ ಸಾರ್ಥಕ.

ಇನ್ನು ಮಾಡಬೇಕಾದದ್ದು. ಸೂತ್ರ ಚಿಕ್ಕದು: ಭಾರ ಎರಡೂ ಕಾಲಿನ ಮೇಲೆ ಸಮನಾಗಿರಲಿ, ಮಂಡಿಗಳು ಜೊತೆಯಾಗಿರಲಿ. ಹಾಸಿಗೆಯಲ್ಲಿ ಹೊರಳುವಾಗ ಮೊದಲು ಎರಡೂ ಮಂಡಿ ಮಡಚಿ, ಅವುಗಳ ನಡುವೆ ದಿಂಬನ್ನೋ ಮಡಿಸಿದ ಬಟ್ಟೆಯನ್ನೋ ಒತ್ತಿ ಹಿಡಿಯಿರಿ. ಉಸಿರು ಬಿಡುತ್ತಾ ಹೊಟ್ಟೆಯ ಕೆಳಭಾಗವನ್ನು ಮೆಲ್ಲಗೆ ಒಳಕ್ಕೆಳೆದುಕೊಂಡು, ಭುಜ, ಸೊಂಟ, ಮಂಡಿ ಮೂರನ್ನೂ ಒಟ್ಟಿಗೆ ತಿರುಗಿಸಿ. ಉಸಿರು ಕಟ್ಟಬೇಡಿ. ಸೊಂಟದ ಕೆಳಗೆ ನುಣುಪು ಬಟ್ಟೆ ಹಾಸಿದ್ದರೆ ಮೈ ಜಾರಿ ತಿರುಗುವುದು ಸುಲಭ. ಏಳುವಾಗ ಪಕ್ಕಕ್ಕೆ ಹೊರಳಿ, ಎರಡೂ ಕಾಲನ್ನು ಒಟ್ಟಿಗೆ ಕೆಳಗಿಳಿಸಿ, ಕೈಯೂರಿ ಎದ್ದು ಕೂರಿ. ಮಲಗಿದಾಗ ಮಂಡಿಯಿಂದ ಪಾದದವರೆಗೂ ದಿಂಬಿರಲಿ. ಮಂಡಿಗೆ ಮಾತ್ರ ಚಿಕ್ಕ ದಿಂಬು ಕೊಟ್ಟರೆ ಪಾದ ಕೆಳಗೆ ಜೋತು ಕೀಲು ತಿರುಚುತ್ತದೆ.

ಬಟ್ಟೆಯನ್ನು ಕುಳಿತೇ ಹಾಕಿಕೊಳ್ಳಿ. ಪ್ಯಾಂಟಿಗೆ ಕಾಲು ತೂರಿಸಲು ಒಂಟಿ ಕಾಲಿನಲ್ಲಿ ನಿಲ್ಲುವುದು ಈ ಕೀಲುಗಳಿಗೆ ಬಲು ಕಷ್ಟ. ಮೆಟ್ಟಿಲನ್ನು ಒಂದೊಂದಾಗಿ ಹತ್ತಿ: ನೋವು ಕಡಿಮೆಯಿರುವ ಕಾಲು ಮೊದಲು ಮೇಲಕ್ಕೆ, ಇಳಿಯುವಾಗ ನೋವಿನ ಕಾಲು ಮೊದಲು ಕೆಳಕ್ಕೆ. ಕಾರಿನಲ್ಲಿ ಮೊದಲು ಸೀಟಿಗೆ ಬೆನ್ನು ಮಾಡಿ ಕುಳಿತು, ಆಮೇಲೆ ಎರಡೂ ಕಾಲನ್ನು ಸೇರಿಸಿ ಒಳಗೆ ತನ್ನಿ. ಒಂದೇ ಕೈಯಲ್ಲಿ ತುಂಬಿದ ಚೀಲ ಹಿಡಿಯುವುದು, ಭಾರದ ವಸ್ತು ತಳ್ಳುವುದು, ದೊಡ್ಡ ಮಗುವನ್ನು ಸೊಂಟದ ಒಂದು ಪಕ್ಕಕ್ಕೆ ಏರಿಸಿಕೊಳ್ಳುವುದು, ಚಕ್ಕಂಬಕ್ಕಲ ಹಾಕಿ ಬಹಳ ಹೊತ್ತು ಕೂರುವುದು, ಇವನ್ನು ಆದಷ್ಟು ಬಿಡಿ. ದೊಡ್ಡ ಮಗು ಎತ್ತಿಕೋ ಎಂದು ಹಟ ಮಾಡಿದರೆ ನೀವು ಕುಳಿತು, ಅದೇ ಹತ್ತಿ ತೊಡೆಯ ಮೇಲೆ ಬರಲಿ.

ಇಷ್ಟೆಲ್ಲ ಕೇಳಿದ ಮೇಲೆ ಮಲಗಿಬಿಡುವುದೇ ಒಳ್ಳೆಯದು ಎನ್ನಿಸಬಹುದು. ಬೇಡ. ಪೂರ್ತಿ ಹಾಸಿಗೆ ಹಿಡಿದರೆ ಸ್ನಾಯುಗಳು ಸೊರಗುತ್ತವೆ, ಗರ್ಭಿಣಿಯರಲ್ಲಿ ಕಾಲಿನ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವ ಅಪಾಯವೂ ಹೆಚ್ಚುತ್ತದೆ. ಕೆಲಸವನ್ನು ಚೂರು ಚೂರಾಗಿ ಹಂಚಿಕೊಳ್ಳಿ, ನಡುನಡುವೆ ಕುಳಿತು ದಣಿವಾರಿಸಿಕೊಳ್ಳಿ, ಹೆಜ್ಜೆಗಳನ್ನು ಚಿಕ್ಕದಾಗಿಡಿ. ನೀರಿನಲ್ಲಿ ನಡೆಯುವುದು, ಮೆಲ್ಲಗೆ ಈಜುವುದು ಹಲವರಿಗೆ ಹಿತ. ಕಪ್ಪೆಯಂತೆ ಕಾಲು ಅಗಲಿಸಿ ಒದೆಯುವ ಈಜು ಮಾತ್ರ ಸಲ್ಲದು.

ಫಿಸಿಯೋಥೆರಪಿಯಿಂದ ನಿಜಕ್ಕೂ ಉಪಯೋಗವಿದೆಯೇ? ಸ್ವೀಡನ್ನಿನಲ್ಲಿ 386 ಗರ್ಭಿಣಿಯರನ್ನು ಮೂರು ಗುಂಪು ಮಾಡಿ ನಡೆಸಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಮಾಹಿತಿ, ಬೆಲ್ಟ್, ಮನೆಯ ವ್ಯಾಯಾಮಗಳ ಸಾಮಾನ್ಯ ಉಪಚಾರ. ಇನ್ನೊಂದಕ್ಕೆ ಅದರ ಜೊತೆ ಅಕ್ಯುಪಂಕ್ಚರ್. ಮೂರನೆಯದಕ್ಕೆ ಸಾಮಾನ್ಯ ಉಪಚಾರದ ಜೊತೆ ಶ್ರೋಣಿಯನ್ನು ಸ್ಥಿರಗೊಳಿಸುವ ವ್ಯಾಯಾಮಗಳು. ಕೊನೆಯ ಎರಡೂ ಗುಂಪುಗಳಲ್ಲಿ ನೋವು ಹೆಚ್ಚು ಇಳಿಯಿತು, ಅಕ್ಯುಪಂಕ್ಚರ್ ಪಡೆದವರಲ್ಲಿ ಇನ್ನೂ ಹೆಚ್ಚು. ನಾನು ವ್ಯಾಯಾಮ ಹೇಳಿಕೊಡುವವಳಾದರೂ ಆ ಫಲಿತಾಂಶವನ್ನು ಮುಚ್ಚಿಡಬಾರದು. ಬೆಲ್ಟ್ ಕೆಲವರಿಗೆ ತುಂಬ ಒಗ್ಗುತ್ತದೆ, ಕೆಲವರಿಗೆ ಒತ್ತಿ ಹಿಂಸೆಯಾಗುತ್ತದೆ. ಓಡಾಡುವ ಹೊತ್ತಿಗೆ ಹಾಕಿ, ಮಲಗುವಾಗ ಬಿಚ್ಚಿಡಿ. ನಡೆಯುವುದೇ ಕಷ್ಟವಾದರೆ ಊರುಗೋಲು ಹಿಡಿಯಲು ಸಂಕೋಚ ಬೇಡ. ಮಾತ್ರೆಗಳ ವಿಷಯ ವೈದ್ಯರಿಗೆ ಬಿಡಿ. ಪ್ಯಾರಾಸಿಟಮಾಲ್ ಅನ್ನು ಅವರ ಸಲಹೆಯ ಮೇರೆಗೆ ಬಳಸಬಹುದು. ಐಬುಪ್ರೊಫೆನ್ ಜಾತಿಯ ನೋವು ನಿವಾರಕಗಳನ್ನು ಮಾತ್ರ ನೀವಾಗಿ ನುಂಗಬೇಡಿ; 20 ವಾರಗಳ ನಂತರ ಅವು ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಮಾಡಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಎಚ್ಚರಿಸಿದೆ.

ಎಲ್ಲ ನೋವೂ ಕೀಲಿನದಲ್ಲ ಎಂಬುದನ್ನು ಒತ್ತಿ ಹೇಳಬೇಕು. ರಕ್ತಸ್ರಾವ, ಬಿಟ್ಟು ಬಿಟ್ಟು ಕ್ರಮವಾಗಿ ಬರುವ ಹೊಟ್ಟೆನೋವು, ಜ್ವರ, ಉರಿಮೂತ್ರ, ಮಗುವಿನ ಚಲನೆ ಕಡಿಮೆಯಾಗುವುದು, ಒಂದೇ ಕಾಲು ಊದಿ ಬಿಸಿಯಾಗುವುದು, ಮಲಮೂತ್ರದ ಹಿಡಿತ ತಪ್ಪುವುದು, ತೊಡೆಗಳ ನಡುವೆ ಮರಗಟ್ಟುವುದು, ಇದ್ದಕ್ಕಿದ್ದಂತೆ ಕಾಲೂರಲಾಗದಷ್ಟು ನೋವು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ.

ಹೆರಿಗೆಯ ಬಗ್ಗೆ ಎಲ್ಲರಿಗೂ ಭಯವಿದೆ. ಈ ನೋವಿರುವ ಬಹುಪಾಲು ಮಹಿಳೆಯರಿಗೆ ಸಹಜ ಹೆರಿಗೆ ಸಾಧ್ಯ; ಇದೊಂದೇ ಕಾರಣಕ್ಕೆ ಸಿಸೇರಿಯನ್ ಬೇಕಾಗುವುದಿಲ್ಲ. ಆದರೆ ಸಿದ್ಧತೆ ಬೇಕು. ತಿಂಗಳು ತುಂಬುವ ಮುಂಚೆ ಒಂದು ಅಳತೆ ಮಾಡಿಟ್ಟುಕೊಳ್ಳಿ: ಮಂಡಿ ಮಡಚಿ ಮಲಗಿ, ಅಥವಾ ಕುರ್ಚಿಯ ಅಂಚಿನಲ್ಲಿ ಕುಳಿತು, ನೋವಾಗದಂತೆ ಮಂಡಿಗಳನ್ನು ಎಷ್ಟು ಅಗಲಿಸಬಲ್ಲಿರೋ ಅಷ್ಟು ಅಗಲಿಸಿ, ನಡುವಿನ ಅಂತರವನ್ನು ಟೇಪಿನಿಂದ ಅಳೆದು ಬರೆದಿಡಿ. ಅದನ್ನು ಹೆರಿಗೆ ಮಾಡಿಸುವವರಿಗೆ ಮುಂಚಿತವಾಗಿ ತಿಳಿಸಿ. ಎಪಿಡ್ಯೂರಲ್, ಅಂದರೆ ಹೆರಿಗೆ ನೋವು ತಗ್ಗಿಸಲು ಬೆನ್ನಿಗೆ ಕೊಡುವ ಅರಿವಳಿಕೆ, ಕೊಟ್ಟಾಗ ನೋವು ಗೊತ್ತಾಗದೆ ಕಾಲುಗಳನ್ನು ಮಿತಿಮೀರಿ ಅಗಲಿಸುವ ಸಾಧ್ಯತೆಯಿದೆ. ಈ ಅಂಕಿ ಆಗ ನಿಮ್ಮ ಪರವಾಗಿ ಮಾತನಾಡುತ್ತದೆ. ಮಗ್ಗುಲಾಗಿ ಮಲಗಿ ಹೆರುವುದು, ಮಂಡಿ ಮತ್ತು ಕೈಯೂರಿ ಹೆರುವುದು ಕೀಲುಗಳಿಗೆ ಸುಲಭ. ಹೊಲಿಗೆ ಹಾಕಲೋ ಬೇರೆ ಕಾರಣಕ್ಕೋ ಕಾಲುಗಳನ್ನು ಮೇಲೆ ಕಟ್ಟಬೇಕಾದರೆ ಎರಡನ್ನೂ ಒಟ್ಟಿಗೆ ಎತ್ತಲಿ, ಒಟ್ಟಿಗೆ ಇಳಿಸಲಿ, ಆದಷ್ಟು ಬೇಗ ಮುಗಿಸಲಿ.

ಹೆರಿಗೆಯಾದ ಮೇಲೆ ಹೆಚ್ಚಿನವರಿಗೆ ವಾರಗಳಲ್ಲಿ, ಕೆಲವರಿಗೆ ತಿಂಗಳುಗಳಲ್ಲಿ ನೋವು ಇಳಿಯುತ್ತದೆ. ಸಣ್ಣ ಪಾಲಿನವರಿಗೆ ವರ್ಷ ಕಳೆದರೂ ಉಳಿಯುತ್ತದೆ. ನನ್ನನ್ನು ಹೆಚ್ಚು ಕಾಡುವುದು ಇವರ ಪಾಡು. ಗರ್ಭಿಣಿಯಾಗಿದ್ದಾಗ ತಿಂಗಳು ತಿಂಗಳೂ ತಪಾಸಣೆಯಿತ್ತು, ಕೇಳುವವರಿದ್ದರು. ಮಗು ಬಂದ ಮೇಲೆ ಎಲ್ಲರ ಕಣ್ಣೂ ಮಗುವಿನ ಮೇಲೆ. ತೊಟ್ಟಿಲ ಬಳಿ ಬಗ್ಗಿ ಏಳುವಾಗ ತಾಯಿ ಹಲ್ಲು ಕಚ್ಚುವುದು ಯಾರಿಗೂ ಕಾಣುವುದಿಲ್ಲ. ಅವಳೂ ಇಷ್ಟರಲ್ಲಿ ಸರಿಹೋಗಬೇಕಿತ್ತಲ್ಲ, ನನ್ನಲ್ಲೇ ಏನೋ ಕೊರತೆ ಎಂದುಕೊಂಡು ಸುಮ್ಮನಾಗುತ್ತಾಳೆ. ನಿದ್ದೆಗೇಡು, ನೋವು, ಈ ಅಪರಾಧಿ ಭಾವ ಮೂರೂ ಸೇರಿದರೆ ಖಿನ್ನತೆಗೆ ದಾರಿ ದೂರವಿಲ್ಲ.

ಇವರಿಗೂ ಭರವಸೆಯಿದೆ. ನಾರ್ವೆಯಲ್ಲಿ ಬ್ರಿಟ್ ಸ್ಟೂಗೆ ಮತ್ತು ಸಂಗಡಿಗರು ಹೆರಿಗೆಯ ನಂತರವೂ ನೋವು ಉಳಿದ 81 ಮಹಿಳೆಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಅವರವರ ದೇಹಕ್ಕೆ ತಕ್ಕಂತೆ ಹೊಂದಿಸಿದ ಸ್ಥಿರತೆಯ ವ್ಯಾಯಾಮಗಳು, ಇನ್ನೊಂದಕ್ಕೆ ಅವಿಲ್ಲದ ಫಿಸಿಯೋಥೆರಪಿ, ಒಟ್ಟು 20 ವಾರ. ವ್ಯಾಯಾಮದ ಗುಂಪಿನವರ ನೋವೂ ಅಸಹಾಯಕತೆಯೂ ಸ್ಪಷ್ಟವಾಗಿ ಕಡಿಮೆಯಾದವು, ಎರಡು ವರ್ಷಗಳ ನಂತರವೂ ಆ ಲಾಭ ಉಳಿದಿತ್ತು. 20 ವಾರ ಎಂಬುದನ್ನು ಗಮನಿಸಿ. ನಾಲ್ಕು ದಿನ ಮಾಡಿ ಕೈಬಿಡುವ ಕೆಲಸ ಇದಲ್ಲ. ತಾಯಿಗೆ ಅಷ್ಟು ಕಾಲ ದಿನಾ ಅರ್ಧ ಗಂಟೆ ಬಿಡುವು ಸಿಗಬೇಕೆಂದರೆ ಆ ಅರ್ಧ ಗಂಟೆ ಮಗುವನ್ನು ಬೇರೊಬ್ಬರು ನೋಡಿಕೊಳ್ಳಬೇಕು. ಮನೆಯವರು ಕೊಡಬಹುದಾದ ಚಿಕಿತ್ಸೆ ಅದು.

ಮಗುವಿನ ಬಟ್ಟೆ ಬದಲಿಸುವ ಜಾಗವನ್ನು ಸೊಂಟದೆತ್ತರಕ್ಕೆ ಏರಿಸಿ. ಹಾಲೂಡಿಸುವಾಗ ಬೆನ್ನಿಗೆ ಒತ್ತು ಕೊಟ್ಟು, ಎರಡೂ ಪಾದ ನೆಲಕ್ಕೂರಿ, ಮಗುವನ್ನು ದಿಂಬಿನ ಮೇಲೆ ಎದೆಯ ಮಟ್ಟಕ್ಕೆ ತಂದುಕೊಳ್ಳಿ. ನೋವಿಗಾಗಿ ಎದೆಹಾಲು ನಿಲ್ಲಿಸುವ ಅಗತ್ಯವಿಲ್ಲ.

ಇನ್ನೊಂದು ವಿಷಯವನ್ನು ಸಂಕೋಚ ಬದಿಗಿಟ್ಟು ಹೇಳುತ್ತೇನೆ. ಹೆರಿಗೆಯ ನಂತರದ ನೋವು ಕೆಲವೊಮ್ಮೆ ಕೀಲಿನದಾಗಿರದೆ ಶ್ರೋಣಿಯ ತಳದ ಸ್ನಾಯುಗಳದಾಗಿರುತ್ತದೆ, ಅಥವಾ ಹರಿದು ಹೊಲಿದ ಗಾಯದ ಕಲೆಯದಾಗಿರುತ್ತದೆ. ಬಹಳ ಹೊತ್ತು ಕೂರಲಾಗದಿರುವುದು, ಮಲವಿಸರ್ಜನೆಯಲ್ಲಿ ನೋವು, ಗಂಡನೊಡನೆ ಕೂಡುವಾಗ ನೋವು ಇದರ ಲಕ್ಷಣಗಳು. ಇಂಥವರು ಎಲ್ಲೋ ಓದಿ, ಈ ತಳದ ಸ್ನಾಯುಗಳನ್ನು ಬಿಗಿದು ಬಿಡುವ ಕೆಗೆಲ್ ವ್ಯಾಯಾಮಕ್ಕೆ ಕೈಹಾಕುತ್ತಾರೆ. ಸ್ನಾಯು ದುರ್ಬಲವಾಗಿದ್ದರೆ ಅದು ಸರಿ. ಈಗಾಗಲೇ ಬಿಗಿದುಕೊಂಡಿರುವ ಸ್ನಾಯುವನ್ನು ಇನ್ನಷ್ಟು ಬಿಗಿದರೆ ನೋವು ಏರುತ್ತದೆ. ಅದಕ್ಕೆ ಮೊದಲು ಸಡಿಲಿಸುವುದನ್ನು ಕಲಿಸಬೇಕು. ಎದೆಹಾಲೂಡಿಸುವ ಕಾಲದಲ್ಲಿ ಈಸ್ಟ್ರೊಜೆನ್ ಎಂಬ ಹಾರ್ಮೋನು ಕಡಿಮೆಯಿದ್ದು ಯೋನಿ ಒಣಗುವುದರಿಂದಲೂ ನೋವಾಗಬಹುದು, ಅದಕ್ಕೂ ಉಪಾಯವಿದೆ. ಯಾವುದು ಎಂದು ಪರೀಕ್ಷಿಸಿದವರು ಹೇಳಬೇಕು. ಇದನ್ನು ಕೇಳಲು ನಾಚಿ ಎಷ್ಟೋ ದಾಂಪತ್ಯಗಳು ವರ್ಷಗಟ್ಟಲೆ ಮೌನದಲ್ಲಿ ಕಳೆದಿವೆ.

ಇನ್ನು ಪ್ರಶ್ನೆಗಳು.

"ನಡೆಯುವಾಗ ಕಟಕಟ ಸದ್ದು ಬರುತ್ತದೆ, ಮೂಳೆ ಸವೆಯುತ್ತಿದೆಯೇ?" ಇಲ್ಲ. ಸದ್ದು ಮಾತ್ರವಿದ್ದು ನೋವಿಲ್ಲದಿದ್ದರೆ ಚಿಂತೆ ಬೇಡ. ಸದ್ದಿನೊಡನೆ ಪ್ರತಿ ಸಲ ನೋವಾದರೆ ತೋರಿಸಿ.

"ಎಕ್ಸ್‌ರೇ ಬೇಡವೇ?" ಸಾಮಾನ್ಯವಾಗಿ ಬೇಡ. ನಿಮ್ಮ ಮಾತು ಮತ್ತು ಕೈಯಿಂದ ಮಾಡುವ ಪರೀಕ್ಷೆಗಳಿಂದಲೇ ಇದನ್ನು ಗುರುತಿಸಬಹುದು. ಮೂಳೆ ಬಿರುಕು ಅಥವಾ ಕೀಲು ಬೇರ್ಪಟ್ಟ ಅನುಮಾನವಿದ್ದರೆ ಮಾತ್ರ ಸ್ಕ್ಯಾನಿನ ಯೋಚನೆ.

"ಮುಟ್ಟು ಮರಳಿ ಶುರುವಾದಾಗ ನೋವು ಮತ್ತೆ ಕಾಣಿಸಿಕೊಂಡಿತು." ಕೆಲವರಿಗೆ ಹಾಗಾಗುತ್ತದೆ, ಆ ಕೆಲವು ದಿನ ಮಾತ್ರ. ಹಿಂದಿನ ಎಚ್ಚರಿಕೆಗಳನ್ನೇ ಪಾಲಿಸಿದರೆ ಸಾಕು.

"ನಾನು ದಪ್ಪಗಿರುವುದೇ ಕಾರಣ ಎನ್ನುತ್ತಾರೆ." ಹಾಗೆಂದು ಹೇಳಿದವರು ಆತುರಪಟ್ಟಿದ್ದಾರೆ. ನಾನು ಆಗಲೇ ಹೇಳಿದ ಯುರೋಪಿನ ಮಾರ್ಗಸೂಚಿ ತೂಕವನ್ನಾಗಲಿ ಎತ್ತರವನ್ನಾಗಲಿ ಕಾರಣಗಳ ಸಾಲಿಗೆ ಸೇರಿಸಿಲ್ಲ. ಹಿಂದೆ ಬೆನ್ನು ನೋವಿದ್ದದ್ದು, ಶ್ರೋಣಿಗೆ ಪೆಟ್ಟಾಗಿದ್ದದ್ದು ಅಪಾಯ ಹೆಚ್ಚಿಸುತ್ತವೆ ಎಂದು ಅದು ಹೇಳುತ್ತದೆ.

"ಮೊದಲ ಬಸುರಿನಲ್ಲಿ ಈ ನೋವಿತ್ತು, ಎರಡನೆಯ ಮಗು ಬೇಕು ಎನ್ನಿಸುತ್ತದೆ, ಧೈರ್ಯ ಸಾಲುತ್ತಿಲ್ಲ." ಮತ್ತೆ ಬರುವ ಸಾಧ್ಯತೆ ಹೆಚ್ಚು, ಅದನ್ನು ಮರೆಮಾಚುವುದಿಲ್ಲ. ಆದರೆ ಈ ಸಲ ಏನು ಬರಬಹುದೆಂದು ನಿಮಗೆ ಗೊತ್ತಿದೆ. ಈಗ ಉಳಿದಿರುವ ನೋವಿಗೆ ಮೊದಲು ಚಿಕಿತ್ಸೆ ಪಡೆಯಿರಿ, ಸ್ನಾಯುಗಳನ್ನು ಗಟ್ಟಿ ಮಾಡಿಕೊಳ್ಳಿ. ದೊಡ್ಡ ಮಗು ತಾನಾಗಿ ನಡೆಯುವಷ್ಟು, ಮೆಟ್ಟಿಲು ಹತ್ತುವಷ್ಟು ಬೆಳೆದಿದ್ದರೆ ಎತ್ತುವ ಹೊರೆ ಅಷ್ಟು ತಗ್ಗುತ್ತದೆ. ಬಸುರಿ ಎಂದು ಗೊತ್ತಾದ ಕೂಡಲೇ, ನೋವು ಶುರುವಾಗುವವರೆಗೆ ಕಾಯದೆ, ಫಿಸಿಯೋಥೆರಪಿಸ್ಟ್ ಬಳಿ ಹೋಗಿ ಹಿಂದಿನ ಸಲದ್ದನ್ನೆಲ್ಲ ಹೇಳಿ. ಮೊದಲ ಭೇಟಿಗೆ ನಿಮ್ಮ ಯಜಮಾನರನ್ನೂ ಕರೆದುಕೊಂಡು ಹೋಗಿ. ಯಾವ ಕೆಲಸಗಳನ್ನು ಅವರು ವಹಿಸಿಕೊಳ್ಳಬೇಕು ಎಂಬುದನ್ನು ಅಲ್ಲಿಯೇ ಬರೆದುಕೊಳ್ಳಲಿ.